ಎದುರು ಪುಟದ ಮರಿಯಾನೆ

ಮಕ್ಕಳಿಗೆ ಬಣ್ಣ ತುಂಬಲು ಕಲಿಸುವ ಚಿತ್ರಪುಸ್ತಕವೊಂದರ ಎಡಪುಟದಲ್ಲಿ, ನೋಡಿ ಕಲಿಯಲೆಂದು ಅಚ್ಚು ಹಾಕಿದ ಬೂದು ಆನೆಯಿತ್ತು. ಬಲಪುಟದಲ್ಲಿ ಬರೀ ಗೆರೆಯ ಮರಿಯಾನೆ. ಪುಟ್ಟ ಇಂಚರ ಅದಕ್ಕೆ ನೇರಳೆ ಕ್ರೆಯಾನ್ ಬಳಿದಳು, ಗೆರೆಯಾಚೆಗೂ ಬಳಿದಳು.

"ನನ್ನನ್ನು ನೋಡಿಯೂ ಹೀಗಾದೆಯಲ್ಲ! ದೂರವಿರು, ನಿನ್ನ ಬಣ್ಣ ನನಗೆ ಮೆತ್ತೀತು," ಎಂದು ದೊಡ್ಡಾನೆ ಗದರಿತು.

"ಪುಸ್ತಕ ಮುಚ್ಚಿದರೆ ಮುಖಕ್ಕೆ ಮುಖ ತಾಗಿಸಿಯೇ ಮಲಗಬೇಕಲ್ಲ, ಅಜ್ಜ?" ಎಂದಿತು ಮರಿ.

ಮರುದಿನ ಇಂಚರ ಬಲಪುಟವನ್ನು ಹರಿದು ಗೋಡೆಗೆ ಅಂಟಿಸಿದಳು. ದೊಡ್ಡಾನೆಯ ಎದುರಿಗೀಗ ಮುಂದಿನ ಪುಟದ ಬಾಳೆಗೊನೆ. ಬಾಳೆಗೊನೆಗೆ ಮಾತೇ ಬಾರದು.

ಸೊಂಡಿಲ ತುದಿಯಲ್ಲಿ ಒಂದಿಷ್ಟು ನೇರಳೆ ಮೆತ್ತಿಕೊಂಡಿತ್ತು. ಅದೆಲ್ಲಿ ಅಳಿಸಿಹೋದೀತೋ ಎಂದು ದೊಡ್ಡಾನೆ, ಮುಚ್ಚಿದ ಪುಸ್ತಕದೊಳಗೆ, ಅಲುಗಾಡದೆ ಮಲಗಿತು.