ಬಡಕಲ ಬಸವನ ಗುಡ್ಡ

ಅತ್ತಿಕೊಪ್ಪದ ಪಡುವಣ ಗುಡ್ಡವನ್ನು ಬಡಕಲ ಬಸವನ ಗುಡ್ಡ ಎನ್ನುತ್ತಾರೆ. ಮೇಲಿನ ಗುಡಿಯಲ್ಲಿರುವ ಬಸವನ ಮೋರೆ ದುಂಡಗೆ ತುಂಬಿಕೊಂಡಿದೆ. ಕತ್ತಿನಿಂದ ಹಿಂದಕ್ಕೆ ಮಾತ್ರ ಮೇವು ಕಾಣದ ಎತ್ತಿನಂತೆ ಹೊಟ್ಟೆ ಬೆನ್ನಿಗೆ ಹತ್ತಿದೆ. ಕೆತ್ತಿದವನಿಗೆ ಕೆಲಸವೇ ಬರುತ್ತಿರಲಿಲ್ಲ ಎಂದು ನಗುವವರಿದ್ದಾರೆ. ನಗುವ ಮೊದಲು ಸಿಂಗೋಜನ ಪಾಡು ಕೇಳಬೇಕು.

ಹಿಂದೆ ಒಮ್ಮೆ ಊರ ಗೌಡ ಎರೆಯಪ್ಪ ತನ್ನ ಹೊಸ ಗುಡಿಗೆ ಬಸವನನ್ನು ಕೆತ್ತಲು ಸಿಂಗೋಜನೆಂಬ ಶಿಲ್ಪಿಯನ್ನು ಕರೆಸಿದನಂತೆ. ಕಂಡವರ ಕೈಕೆಳಗೆ ದುಡಿದೇ ತಲೆ ನರೆತಿದ್ದ ಸಿಂಗೋಜನಿಗೆ ತನ್ನದೆನ್ನಬಹುದಾದ ಮೊದಲ ಕೆಲಸವಿದು. ಮೂರ್ತಿ ಮುಗಿದ ಮೇಲೆ ಶಿಲ್ಪಿ ಪೀಠದಲ್ಲಿ ತನ್ನ ಹೆಸರು ಕೊರೆಯುವುದು ಆಗಿನ ವಾಡಿಕೆ. ಆ ಹೆಸರಿನ ಆಸೆಗೇ ಅವನು ಬಿಸಿಲೆನ್ನದೆ ಕಲ್ಲಿಗೆ ಅಂಟಿಕೊಂಡು ಕೂತ. ಅಜ್ಜಂದಿರ ಹಳೆಯ ರೀತಿಯಲ್ಲಿ, ಒಂದು ಒಡವೆಯೂ ಇಲ್ಲದ, ಮೇದು ಮಲಗಿ ಮೆಲುಕು ಹಾಕುವಂಥ ಮೈತುಂಬಿದ ಬಸವ ಮೂಡಿತು. ಅಷ್ಟರಲ್ಲಿ ಗೌಡ ತೆಂಕಣ ಸೀಮೆಗೆ ಯಾತ್ರೆ ಹೋಗಿಬಂದ. ಅಲ್ಲಿಯ ಬಸವಗಳಿಗೆ ಮೈಯೆಲ್ಲ ಗಂಟೆ, ಗೆಜ್ಜೆ, ಮುತ್ತಿನ ಸರವಂತೆ. ನಮ್ಮದು ಬೋಳು ಎಂದ. “ಗೌಡ್ರ, ಕಲ್ಲೇನ ಕಣಕ ಅಲ್ರಿ, ಮ್ಯಾಲ ಮೆತ್ತಾಕ. ಸರ ಎದ್ದು ಕಾಣಬೇಕಂದ್ರ ಸುತ್ತಲಿನ ಮೈ ಕಡೀಬೇಕು” ಎಂದು ಸಿಂಗೋಜ ಬಾಯಿ ಬಡಿದುಕೊಂಡ. ಕೇಳುವವರು ಯಾರು? ಮೈ ಕಡಿದು ಸರ ಎಬ್ಬಿಸಿದ. ಆಮೇಲೆ ಗೌಡನ ಅಳಿಯ ಬಂದ. ತಮ್ಮ ಕಡೆ ಸರದ ಹಿಂದೆ ದಾರ ತೂರುವಷ್ಟು ಸಂದು ಬಿಡಿಸುತ್ತಾರೆ ಎಂದ. ಮತ್ತೆ ಮೈ ಇಳಿಯಿತು. ಪ್ರತಿಷ್ಠೆ ಹತ್ತಿರ ಬಂದಾಗ ರಾಜಧಾನಿಯ ನೆಂಟನೊಬ್ಬ ಮೂಗು ಮುರಿದ: ಈ ಒಡವೆಯ ಹೇರು ಈಗ ಯಾರಿಗೆ ಬೇಕು, ಅಲ್ಲಿ ಹಳೆಯ ನುಣುಪು ಮೈಯೇ ಮೆಚ್ಚು!

“ಎಲ್ಲಾ ತಗದಬಿಡು ಸಿಂಗೋಜ, ಮೊದಲಿನಂಗ ಮಾಡು” ಎಂದ ಗೌಡ.

ಸಿಂಗೋಜನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮೋರೆಯೊಂದನ್ನು ಮುಟ್ಟುವುದಿಲ್ಲ ಎಂದು ಹಟ ಹಿಡಿದು, ಉಳಿದದ್ದನ್ನೆಲ್ಲ ಹೆರೆದು ಹಾಕಿದ. ಪ್ರತಿಷ್ಠೆಯ ದಿನ ಗೌಡ ಬಸವನನ್ನು ಸುತ್ತು ಹಾಕಿ, “ಯಾಕೋ ಬಡಕಲಾತಲ್ಲೋ? ಇರಲಿ, ಹೆಸರು ಕೊರಿ, ಹೊತ್ತಾತು” ಎಂದನಂತೆ. ಜೀವಮಾನವೆಲ್ಲ ಕಾದ ಗಳಿಗೆ ಅದು. ಸಿಂಗೋಜ ಪೀಠದ ಮುಂದೆ ಕೂತು ಕೊರೆದ; ಉಳಿಯ ಚೀಲ ಹೆಗಲಿಗೇರಿಸಿ ಗುಡ್ಡ ಇಳಿದವನು ಆ ಊರಿಗೆ ಮತ್ತೆ ಬರಲಿಲ್ಲ ಎನ್ನುತ್ತಾರೆ.

ಇಂದಿಗೂ ಗುಡ್ಡ ಹತ್ತಿದವರು ಬಗ್ಗಿ ಆ ಅಕ್ಷರಗಳ ಮೇಲೆ ಬೆರಳಾಡಿಸುತ್ತಾರೆ. ಹಳೆಯ ಲಿಪಿ ಬಲ್ಲವರು ಜೊತೆಗಿದ್ದರೆ ಓದಿ ಹೇಳುತ್ತಾರೆ: ‘ಈ ಬಸವನನ್ನು ಕೆತ್ತಿದವನು ಎರೆಯಪ್ಪ ಗೌಡ.’