ಪ್ರತಿ ಬೆಳಿಗ್ಗೆ ಬಂದ ವರದಿ

“ಗುರುಗಳೇ, ಮೊದಮೊದಲು ಜಪಕ್ಕೆ ಕೂರುವುದೇ ಕಷ್ಟವಾಗಿತ್ತು. ಈಗ ಎಂಟು ವರ್ಷವಾಯಿತು. ಬೆಳಿಗ್ಗೆ ಎದ್ದರೆ ತಾನಾಗಿ ಶುರುವಾಗುತ್ತದೆ, ತಾನಾಗಿ ಮುಗಿಯುತ್ತದೆ. ಇನ್ನೂ ನಾನು ಅದರ ಮೇಲೆ ಕಣ್ಣಿಟ್ಟಿರಬೇಕೇ?”

ಕೇಳಿದವನು ಶಂಭುಲಿಂಗ, ಮಠದಲ್ಲಿ ಎಲ್ಲರಿಗಿಂತ ಹಳೆಯ ಶಿಷ್ಯ. ಅವನ ಪ್ರಶ್ನೆಯಲ್ಲಿ ಸಂದೇಹಕ್ಕಿಂತ ಸಮಾಧಾನವೇ ಹೆಚ್ಚಾಗಿತ್ತು. ಗುರುಗಳು ಒಂದು ಕಥೆ ಹೇಳತೊಡಗಿದರು.

ಒಂದು ಊರಿನಲ್ಲಿ ಮಕ್ಕಳ ಚಿಕಿತ್ಸಾ ಕೇಂದ್ರವಿತ್ತು. ಮೈಯಲ್ಲಿ ಸಾಕಷ್ಟು ರಕ್ತ ಹುಟ್ಟದ ಮಕ್ಕಳು ಅಲ್ಲಿಗೆ ಬರುತ್ತಿದ್ದರು. ತಿಂಗಳಿಗೊಮ್ಮೆ ಬೇರೆಯವರ ರಕ್ತ ಏರಿಸಿದರೆ ಮಾತ್ರ ಅಂಥ ಮಕ್ಕಳು ಬದುಕುತ್ತಾರೆ. ಯಾವ ಮಗುವಿಗೆ ಯಾವ ರಕ್ತ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂಬುದೆಲ್ಲ ಕಚೇರಿಯ ಕಂಪ್ಯೂಟರಿನಲ್ಲಿದ್ದ ದಾಖಲೆಗಳ ಡೇಟಾಬೇಸಿನಲ್ಲಿತ್ತು. ಅದನ್ನು ನೋಡಿಕೊಳ್ಳಲು ಒಬ್ಬ ಗುಮಾಸ್ತನಿದ್ದ.

ಗುಮಾಸ್ತ ಒಳ್ಳೆಯವನು. ದಿನವಿಡೀ ಬರೆದು, ತಿದ್ದಿ, ಅಳಿಸುವುದರಿಂದ ಡೇಟಾಬೇಸ್ ಊದಿಕೊಳ್ಳುತ್ತದೆ, ಒಳಗೊಳಗೇ ಕೆಡುತ್ತದೆ ಎಂದು ಅವನಿಗೆ ಗೊತ್ತಿತ್ತು. ಆದ್ದರಿಂದ ಎಲ್ಲರೂ ಮನೆಗೆ ಹೋದ ಮೇಲೆ ಒಂದು ಗಂಟೆ ಕೂತು ಅದನ್ನು ಪರೀಕ್ಷಿಸುತ್ತಿದ್ದ, ಸರಿಪಡಿಸುತ್ತಿದ್ದ, ಒಂದು ಪ್ರತಿ ತೆಗೆದಿಡುತ್ತಿದ್ದ. ಹೀಗೆ ಎರಡು ವರ್ಷ ಮಾಡಿದ.

ಆಮೇಲೆ ಈ ಕೆಲಸವನ್ನು ಕಂಪ್ಯೂಟರಿಗೇ ವಹಿಸಬಹುದೆಂದು ಅವನು ಕಲಿತ. ರಾತ್ರಿ ಎರಡಕ್ಕೆ ಅದು ತಾನಾಗಿ ಎಲ್ಲವನ್ನೂ ಮಾಡಿ ಬೆಳಿಗ್ಗೆ ವರದಿ ಕಳಿಸುವಂತೆ ವೇಳೆ ಗೊತ್ತುಮಾಡಿದ. ಒಂದೇ ನಿಬಂಧನೆ. ಆ ಹೊತ್ತಿಗೆ ಡೇಟಾಬೇಸನ್ನು ಯಾರೂ ತೆರೆದಿಟ್ಟಿರಬಾರದು. ಮೊದಲ ತಿಂಗಳು ಅವನು ವರದಿಯನ್ನು ಸಾಲುಸಾಲಾಗಿ ಓದಿದ. ಎಲ್ಲ ಸರಿಯಾಗಿತ್ತು. ಎರಡನೆಯ ತಿಂಗಳು ಮೊದಲ ಸಾಲು ಓದಿದ. ಆಮೇಲೆ ವರದಿ ಬಂದಿದೆಯೇ ಎಂದಷ್ಟೇ ನೋಡುತ್ತಿದ್ದ. ಅದು ಒಂದು ದಿನವೂ ತಪ್ಪದೆ ಬರುತ್ತಿತ್ತು.

ಮುಂದೆ ಅವನಿಗೆ ಬೇರೆ ಕೋಣೆ ಕೊಟ್ಟರು, ಹೊಸ ಕಂಪ್ಯೂಟರ್ ಕೊಟ್ಟರು. ಬೆಳಿಗ್ಗೆ ಬಂದವರನ್ನು ಕಾಯಿಸಬಾರದೆಂದು ಅವನು ಸಂಜೆ ಡೇಟಾಬೇಸನ್ನು ಮುಚ್ಚದೆ ಮನೆಗೆ ಹೋಗತೊಡಗಿದ. ಒಳ್ಳೆಯ ಉದ್ದೇಶದಿಂದಲೇ ಹಾಗೆ ಮಾಡಿದ.

ಹದಿನಾಲ್ಕು ತಿಂಗಳು ಕಳೆದವು. ಒಂದು ಸೋಮವಾರ ಡೇಟಾಬೇಸ್ ತೆರೆಯಲಿಲ್ಲ. ಗುಮಾಸ್ತನಿಗೆ ಗಾಬರಿಯಾಗಲಿಲ್ಲ. “ನಿನ್ನೆ ರಾತ್ರಿಯ ಪ್ರತಿ ಇದೆ” ಎಂದು ಕೇಂದ್ರದ ವೈದ್ಯೆಗೆ ಹೇಳಿ, ಪ್ರತಿಗಳಿದ್ದ ಜಾಗ ತೆರೆದ. ಅಲ್ಲಿದ್ದ ಕಡೆಯ ಪ್ರತಿ ಹದಿನಾಲ್ಕು ತಿಂಗಳ ಹಿಂದಿನದು.

ಆಗ ಅವನು ವರದಿಗಳನ್ನು ಓದಿದ. ಪ್ರತಿಯೊಂದರಲ್ಲೂ ಅದೇ ಎರಡು ಸಾಲು. “ಡೇಟಾಬೇಸ್ ತೆರೆದಿದೆ. ಕೆಲಸ ಮಾಡಲಾಗಲಿಲ್ಲ.”

ಅಂದು ಬಂದಿದ್ದ ಮಕ್ಕಳಲ್ಲಿ ಆರು ವರ್ಷದ ಒಬ್ಬ ಹುಡುಗಿಯಿದ್ದಳು. ಎಂಟು ತಿಂಗಳ ಹಿಂದೆ ಒಮ್ಮೆ ರಕ್ತ ಏರಿಸಿದಾಗ ಅವಳಿಗೆ ಮೈ ನಡುಗಿ ಜೀವಕ್ಕೇ ಅಪಾಯ ಬಂದಿತ್ತು. ಯಾವ ಬಗೆಯ ರಕ್ತ ಅವಳಿಗೆ ಆಗದೆಂದು ಆಗ ಪರೀಕ್ಷಿಸಿ ಬರೆದಿಟ್ಟಿದ್ದರು. ಬರೆದದ್ದು ಡೇಟಾಬೇಸಿನಲ್ಲಿ ಮಾತ್ರ. ಗುಮಾಸ್ತ ಅವಳ ತಾಯಿಯ ಬಳಿ ಹೋಗಿ ಕೇಳಿದ:

“ಅಮ್ಮಾ, ಆವತ್ತು ವೈದ್ಯರು ಹೇಳಿದ್ದು ನಿಮಗೆ ನೆನಪಿದೆಯೇ? ಎಲ್ಲಾದರೂ ಬರೆದುಕೊಂಡಿದ್ದೀರಾ?”

“ಚೀಟಿಯಲ್ಲಿ ಬರೆದುಕೊಡಿ ಅಂತ ಆವತ್ತೇ ಕೇಳಿದೆನಲ್ಲ ಅಣ್ಣಾ,” ಎಂದಳು ತಾಯಿ. “ಕಂಪ್ಯೂಟರಿನಲ್ಲಿದೆ, ಇನ್ನು ನೀವು ನೆನಪಿಟ್ಟುಕೊಳ್ಳುವುದು ಬೇಡ ಅಂದಿರಿ. ನೀವು ಹೇಳಿದ ಮೇಲೆ ನಾನು ನೆನಪಿಟ್ಟುಕೊಳ್ಳಲಿಲ್ಲ.”

ಅವಳ ದನಿಯಲ್ಲಿ ಕೋಪವಿರಲಿಲ್ಲ. ಅದನ್ನೇ ಗುಮಾಸ್ತ ತಾಳಲಾರದೆ ಹೋದ.

ವೈದ್ಯೆ ಗೊತ್ತಿಲ್ಲದ ರಕ್ತ ಏರಿಸಲು ಒಪ್ಪಲಿಲ್ಲ. ನಗರದ ಪ್ರಯೋಗಾಲಯಕ್ಕೆ ಮಾದರಿ ಕಳಿಸಿದರು. ಉತ್ತರ ಬರಲು ಮೂರು ದಿನ ಹಿಡಿಯಿತು. ಹುಡುಗಿ ಮೊದಲ ದಿನ ಕೂತು ಮಾತಾಡಿದಳು, ಎರಡನೆಯ ದಿನ ಮಲಗಿಯೇ ಮಾತಾಡಿದಳು, ಮೂರನೆಯ ದಿನ ಮಾತಾಡಲಿಲ್ಲ. ಗುಮಾಸ್ತ ಅವಳ ಮಂಚದಿಂದ ಕಾಣುವ ಕುರ್ಚಿಯಲ್ಲೇ ಕೂತು, ಉಳಿದ ಮಕ್ಕಳ ಮನೆಗಳಿಗೆ ಒಂದೊಂದಾಗಿ ಫೋನ್ ಮಾಡಿದ. ತಪ್ಪು ತನ್ನದೆಂದು ಹೇಳಿ, ಅವರವರಿಗೆ ನೆನಪಿದ್ದಷ್ಟನ್ನು ಕೇಳಿ ಬರೆದುಕೊಂಡ. ಕೆಲವರು ಬೈದರು. ಒಬ್ಬ ತಂದೆ ಪೂರ್ತಿ ಕೇಳದೆ ಫೋನ್ ಇಟ್ಟ. ಗುಮಾಸ್ತ ಮರುದಿನ ಅವನ ಮನೆಯ ಬಾಗಿಲಿಗೇ ಹೋದ.

ಮೂರನೆಯ ಸಂಜೆ ಉತ್ತರ ಬಂತು, ಹೊಂದುವ ರಕ್ತವೂ ಸಿಕ್ಕಿತು. ಹುಡುಗಿ ಉಳಿದಳು. ಆದರೆ ಮತ್ತೆ ಎದ್ದು ಓಡಾಡಲು ಅವಳಿಗೆ ಒಂದು ತಿಂಗಳು ಬೇಕಾಯಿತು.

ಗುಮಾಸ್ತ ರಾಜೀನಾಮೆ ಬರೆದು ಕೊಟ್ಟ. ವೈದ್ಯೆ ಅದನ್ನು ತೆಗೆದುಕೊಳ್ಳಲಿಲ್ಲ. ಅವನು ಮತ್ತೆ ಕೆಲಸಕ್ಕೆ ಕೂತ. ರಾತ್ರಿಯ ಕೆಲಸವನ್ನು ಕಂಪ್ಯೂಟರಿನಿಂದ ಹಿಂದಕ್ಕೆ ಪಡೆಯಲಿಲ್ಲ, ಅದರ ಪಾಡಿಗೆ ಅದು ನಡೆಯಿತು. ಆದರೆ ವಾರಕ್ಕೊಮ್ಮೆ ಅವನು ಹೊಸ ಪ್ರತಿಯನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆಯುತ್ತಿದ್ದ. ಯಾವುದಾದರೂ ಒಂದು ಮಗುವಿನ ಹೆಸರು ಹುಡುಕಿ, ಆ ಪುಟವನ್ನು ಕೊನೆಯವರೆಗೆ ಓದುತ್ತಿದ್ದ. ಓದಿ ಮುಗಿಯುವವರೆಗೆ ಯಾರು ಕರೆದರೂ ಏಳುತ್ತಿರಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಂಭುಲಿಂಗ ನಿಟ್ಟುಸಿರಿಟ್ಟು, “ಪಾಪ, ಯಂತ್ರ ಅವನಿಗೆ ಮೋಸ ಮಾಡಿತು,” ಎಂದ.

“ಯಂತ್ರ ಒಂದು ದಿನವೂ ಸುಳ್ಳು ಬರೆಯಲಿಲ್ಲ, ಶಂಭುಲಿಂಗ, ಅವನು ಓದಲಿಲ್ಲ. ನಿನ್ನ ಮನಸ್ಸೂ ಸುಳ್ಳು ಬರೆಯುತ್ತಿಲ್ಲ, ನೀನು ಓದುತ್ತಿಲ್ಲ.”

ಮರುದಿನ ಬೆಳಿಗ್ಗೆ ಶಂಭುಲಿಂಗ ಜಪವನ್ನು ತಾನಾಗಿ ಶುರುವಾಗಲು ಬಿಡದೆ, ಅದರ ಮೇಲೆ ಕಣ್ಣಿಟ್ಟು ಕೂತ.