ಕುರ್ಚಿಯ ಮೇಲಿನ ಏಳು

ನಮ್ಮ ಪುರಸಭೆಗೆ ಹೊಸ ಅಧ್ಯಕ್ಷರಾದ ವಿರೂಪಣ್ಣನವರಿಗೆ ಒಂದು ಹಂಬಲ ಹುಟ್ಟಿತು. ತಾವು ಎಷ್ಟನೆಯ ಅಧ್ಯಕ್ಷರು ಎಂಬುದು ಕುರ್ಚಿಯ ಎತ್ತರದ ಬೆನ್ನಿನ ಮೇಲೆ ಬಂಗಾರದ ಬಣ್ಣದಲ್ಲಿ ಹೊಳೆಯಬೇಕು. ಬೋರ್ಡು ಬರೆಯುವ ಪೇಂಟರನ್ನು ಕರೆಸಿದರು.

"ಏಳು ಅಂತ ಬರಿ. ಅಂಕಿ ಬೇಡ, ಅಚ್ಚಗನ್ನಡ ಅಕ್ಷರದಲ್ಲೇ ಬರಿ."

"ನೀವು ಎಂಟನೆಯವರಲ್ವಾ ಸ್ವಾಮಿ? ನಿಮಗಿಂತ ಮುಂಚೆ ದ್ಯಾಮವ್ವನೋರು ಇದ್ರಲ್ಲ?"

"ಆಕೆ ಬರೀ ಹಂಗಾಮಿ. ಲೆಕ್ಕಕ್ಕಿಲ್ಲ."

ಕಾಲರಾ ಬಂದಾಗ ಊರು ಬಿಟ್ಟವರಲ್ಲಿ ವಿರೂಪಣ್ಣನವರೂ ಒಬ್ಬರು. ಆಗ ಹಂಗಾಮಿ ಅಧ್ಯಕ್ಷರಾಗಿ ಊರಲ್ಲೇ ಉಳಿದು, ಮನೆಮನೆಗೆ ಕಾಯಿಸಿದ ನೀರು ಮುಟ್ಟಿಸಿ, ಕೊನೆಗೆ ಅದೇ ಕಾಲರಾಕ್ಕೆ ಜೀವ ತೆತ್ತವರು ದ್ಯಾಮವ್ವ. ಪೇಂಟರ್ ವಾದ ಮಾಡಲಿಲ್ಲ. ಹೇಳಿದ್ದನ್ನೇ ಬರೆದ.

ಸಭೆಯ ದಿನ ಅಧ್ಯಕ್ಷರು ಗತ್ತಿನಿಂದ ಬಂದು ಕೂತರು. ಅವರ ತಲೆಯ ಮೇಲೆ ದಪ್ಪಕ್ಷರದಲ್ಲಿ ಒಂದೇ ಮಾತು: ಏಳು.

"ಕುರ್ಚಿನೇ ಏಳು ಅಂತಿದೆ, ಇವರು ಕೂತೇ ಇದಾರಲ್ಲ!" ಅಂದರು ಯಾರೋ. ಸಭೆ ಗೊಳ್ಳೆಂದಿತು.

ಅಧ್ಯಕ್ಷರು ಹಿಂತಿರುಗಿ ನೋಡಿದವರೇ ದಡಕ್ಕನೆ ಎದ್ದರು. ಬಾಗಿಲ ಬಳಿ ನಿಂತಿದ್ದ ಪೇಂಟರನ್ನು ಕೂಗಿದರು. "ಏನಯ್ಯಾ ಇದು?"

"ನೀವು ಹೇಳಿದ್ದೇ ಸ್ವಾಮಿ."

"ಅಳಿಸು! ಎಂಟು ಅಂತ ಬರಿ!"

ಪೇಂಟರ್ ಬ್ರಷ್ಷು ಹಿಡಿದು ಹತ್ತಿರ ಬಂದ. "ಬರೀತೀನಿ. ನೀವು ಎಂಟಾದ್ರೆ, ಏಳು ಯಾರು ಸ್ವಾಮಿ?"

ನಗು ನಿಂತಿತು. ಎಲ್ಲರೂ ಅಧ್ಯಕ್ಷರ ಬಾಯನ್ನೇ ನೋಡಿದರು.

"ಏಳು... ದ್ಯಾಮವ್ವ," ಅಂದರು ಅವರು.

ಆ ಮಾತಿಗೆ ಇಡೀ ಸಭೆ ಎದ್ದು ನಿಂತಿತು.